ವಿಮಾನದ ರೆಕ್ಕೆಗೂ ಪಂಕ್ಚರ್: ಕಪ್ಪು ರಬ್ಬರ್ ‘ಬೂಟ್’ ತೊಳೆದು, ತೇಪೆ ಹಾಕಿ ಉಳಿಸುವುದು ಹೇಗೆ?

ಶಿವಮೊಗ್ಗದ ಸೋಗಾನೆಯಲ್ಲಿರುವ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿದದ್ದು 2023ರ ಆಗಸ್ಟ್ 31ರಂದು. ಅದು ಎರಡು ಪ್ರೊಪೆಲ್ಲರ್‌ಗಳ ಎಟಿಆರ್ 72. ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯ ಎಷ್ಟೋ ಜನ ಜೀವನದಲ್ಲಿ ಮೊದಲ ಸಲ ವಿಮಾನ ಹತ್ತಿದ್ದು ಇಲ್ಲಿಂದಲೇ. ಈ ವಿಮಾನವನ್ನು ಹತ್ತಿರದಿಂದ ನೋಡಿದವರ ಕಣ್ಣಿಗೆ ಒಂದು ಸಂಗತಿ ಬಿದ್ದೇ ಬೀಳುತ್ತದೆ. ರೆಕ್ಕೆಯ ಮುಂದಿನ ಅಂಚಿಗೆ ಕಪ್ಪು ರಬ್ಬರ್ ಪಟ್ಟಿ ಅಂಟಿಸಿರುತ್ತಾರೆ. ಬಾಲದ ಅಡ್ಡರೆಕ್ಕೆಗೂ ಅದೇ ಪಟ್ಟಿ. ಸ್ವಲ್ಪ ಹಳೆಯ ವಿಮಾನವಾದರೆ ಆ ಪಟ್ಟಿಯ ಮೇಲೆ ಸಣ್ಣ ಸಣ್ಣ ತೇಪೆಗಳೂ ಕಾಣಬಹುದು. ‘ಇದೇನಪ್ಪಾ, ವಿಮಾನಕ್ಕೂ ಪಂಕ್ಚರ್ ಹಾಕ್ತಾರಾ?’ ಅಂತ ಅನ್ನಿಸಿದರೆ ಅದರಲ್ಲಿ ತಪ್ಪೇನಿಲ್ಲ.

ಹಾಕುತ್ತಾರೆ. ಅದೂ ಕೈಯಲ್ಲೇ. ಆದರೆ ಅದಕ್ಕೊಂದು ಕಟ್ಟುನಿಟ್ಟಾದ ಕ್ರಮವಿದೆ.

ಆ ಪಟ್ಟಿಗೆ ವಿಮಾನದ ಕೆಲಸದವರು ‘ಬೂಟ್’ ಅನ್ನುತ್ತಾರೆ. ರೆಕ್ಕೆಗೆ ಕಟ್ಟಿಕೊಂಡ ಐಸ್ ಒಡೆದು ಬೀಳಿಸುವುದು ಅದರ ಕೆಲಸ. ಎಟಿಆರ್‌ನಲ್ಲಿ ಮಾತ್ರವಲ್ಲ, ಬೀಚ್‌ಕ್ರಾಫ್ಟ್ ಕಿಂಗ್ ಏರ್, ಪಿಲಾಟಸ್ ಪಿಸಿ-12ನಂಥ ಇನ್ನೂ ಸಣ್ಣ ವಿಮಾನಗಳಲ್ಲೂ ಇದೇ ಏರ್ಪಾಡು. ಈ ರಬ್ಬರನ್ನು ಚೆನ್ನಾಗಿ ನೋಡಿಕೊಳ್ಳುವುದು ಅಂದರೆ ಪಾಲಿಶ್ ಹೊಡೆದು ಹೊಳೆಯಿಸುವುದು ಅಂತ ಹಲವರು ಅಂದುಕೊಳ್ಳುತ್ತಾರೆ. ಹೊಳಪು ಇದರಲ್ಲಿ ತೀರಾ ಕೊನೆಯ ಮಾತು. ಮಿರಿಮಿರಿ ಮಿಂಚುವ ಬೂಟ್ ಒಳಗೆ ಹಾಳಾಗಿರಬಹುದು, ಮಂಕಾಗಿ ಕಾಣುವ ಬೂಟ್ ಗಟ್ಟಿಮುಟ್ಟಾಗಿರಬಹುದು.

ಸೆಕೆಯ ಊರಿನ ಮೇಲೆ ಐಸ್ ಎಲ್ಲಿಂದ ಬಂತು?

ಮೇಲೆ ಹೋದಷ್ಟೂ ಗಾಳಿ ತಣ್ಣಗಾಗುತ್ತದೆ. ಸರಾಸರಿ ಲೆಕ್ಕದಲ್ಲಿ ಒಂದು ಕಿಲೋಮೀಟರ್ ಏರಿದರೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಕೆಳಗೆ ಶಿವಮೊಗ್ಗದಲ್ಲಿ ಫ್ಯಾನ್ ತಿರುಗುತ್ತಿದ್ದರೂ ಸುಮಾರು 5 ಕಿಲೋಮೀಟರ್ ಮೇಲೆ ಶೂನ್ಯ ಡಿಗ್ರಿ. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಕಾಣುವ ಆಗುಂಬೆಯ ಆಕಾಶದಲ್ಲೂ ಅಷ್ಟೇ. ಎತ್ತರಕ್ಕೆ ಬೆಳೆದ ಮೋಡದ ಬುಡ ಬೆಚ್ಚಗಿರುತ್ತದೆ, ತಲೆ ಹೆಪ್ಪುಗಟ್ಟುವ ಚಳಿಯಲ್ಲಿರುತ್ತದೆ. ಎಟಿಆರ್ 25,000 ಅಡಿವರೆಗೆ, ಅಂದರೆ ಸುಮಾರು 7.6 ಕಿಲೋಮೀಟರ್‌ವರೆಗೆ ಏರಬಲ್ಲದು. ಬೆಂಗಳೂರು–ಶಿವಮೊಗ್ಗದಂಥ ಗಿಡ್ಡ ದಾರಿಯಲ್ಲಿ ಅಷ್ಟು ಎತ್ತರ ಬೇಕಾಗದೆ ಇರಬಹುದು. ಆದರೆ ವಿಮಾನ ಒಂದೇ ದಾರಿಗೆ ಕಟ್ಟುಬಿದ್ದಿರುವುದಿಲ್ಲ ಅಲ್ವಾ?

ಇಲ್ಲಿ ಒಂದು ವಿಚಿತ್ರ ತಿಳಿದುಕೊಳ್ಳಬೇಕು. ನೀರು ಶೂನ್ಯ ಡಿಗ್ರಿಗೆ ಬಂದ ತಕ್ಷಣ ಗಡ್ಡೆಯಾಗಲೇಬೇಕು ಅಂತಿಲ್ಲ. ಮೋಡದ ಹನಿ ಬಹಳ ಸಣ್ಣದು, ಶುದ್ಧ. ಗಟ್ಟಿಯಾಗಲು ಅದಕ್ಕೊಂದು ಆಸರೆ ಬೇಕು. ತಕ್ಕ ದೂಳಿನ ಕಣ ಸಿಗದಿದ್ದರೆ ಮೈನಸ್ 10, ಮೈನಸ್ 15 ಡಿಗ್ರಿಯಲ್ಲೂ ನೀರಾಗಿಯೇ ತೇಲುತ್ತಿರುತ್ತದೆ. ಆ ಆಸರೆಯಾಗಿ ವಿಮಾನದ ರೆಕ್ಕೆಯೇ ಬಂದು ತಾಗಿದರೆ ಅಲ್ಲೇ ಹೆಪ್ಪುಗಟ್ಟುತ್ತದೆ. ಹನಿ ಸಣ್ಣದಿದ್ದು ಚಳಿ ಜಾಸ್ತಿ ಇದ್ದರೆ ಬೆಳ್ಳಗೆ, ಒರಟಾಗಿ ಕಟ್ಟುತ್ತದೆ. ಹನಿ ದೊಡ್ಡದಿದ್ದು ಚಳಿ ಶೂನ್ಯದ ಆಸುಪಾಸಿನಲ್ಲಿದ್ದರೆ ಹಿಂದಕ್ಕೆ ಹರಿಯುತ್ತಾ ಗಾಜಿನ ಹಾಗೆ ಪಾರದರ್ಶಕವಾಗಿ ಕಟ್ಟುತ್ತದೆ. ಎರಡನೆಯದು ಜಾಸ್ತಿ ಅಪಾಯ.

ತೂಕ ಹೆಚ್ಚಿ ವಿಮಾನ ಬೀಳುತ್ತದೆ ಅಂತ ಅಂದುಕೊಳ್ಳಬೇಡಿ. ಮುಖ್ಯ ತೊಂದರೆ ಆಕಾರದ್ದು. ರೆಕ್ಕೆಯ ಮುಂದಿನ ಅಂಚು ದುಂಡಗೆ, ನುಣ್ಣಗೆ ಇದ್ದರೆ ಗಾಳಿ ಅದಕ್ಕೆ ಅಂಟಿಕೊಂಡು ಹರಿಯುತ್ತದೆ. ಆಗಲೇ ವಿಮಾನವನ್ನು ಎತ್ತಿ ಹಿಡಿಯುವ ಬಲ ಸಿಗುವುದು. ಅಂಚು ಉಪ್ಪುಕಾಗದದ ಹಾಗೆ ಒರಟಾದರೂ ಸಾಕು, ಗಾಳಿಯ ಹರಿವು ಕೆಡುತ್ತದೆ, ಎತ್ತುವ ಬಲ ಕಡಿಮೆಯಾಗುತ್ತದೆ, ಹಿಂದಕ್ಕೆ ಎಳೆಯುವ ಬಲ ಜಾಸ್ತಿಯಾಗುತ್ತದೆ.

ಗಾಳಿ ತುಂಬಿ ಐಸ್ ಒಡೆಯುವ ಉಪಾಯ

ಇದಕ್ಕೆ ಉಪಾಯ ಹುಡುಕಿದವರು ಅಮೆರಿಕದ ವಿಲಿಯಂ ಗೀರ್. ಟೈರು ತಯಾರಿಸುವ ಬಿ.ಎಫ್. ಗುಡ್‌ರಿಚ್ ಕಂಪನಿಯಲ್ಲಿ ರಸಾಯನ ವಿಜ್ಞಾನಿಯಾಗಿದ್ದವರು. 1930ರ ದಶಕದ ಹೊತ್ತಿಗೆ ಗುಡ್‌ರಿಚ್‌ನ ಬೂಟುಗಳು ವಿಮಾನಗಳ ಮೇಲೆ ಬಂದವು. ಅವತ್ತಿನ ಉಪಾಯವೇ ಇವತ್ತಿಗೂ ನಡೆಯುತ್ತಿದೆ.

ಬೂಟ್ ಅಂದರೆ ಸುಮಾರು ಎರಡು ಮಿಲಿಮೀಟರ್ ದಪ್ಪದ ರಬ್ಬರ್ ಹಾಳೆ. ಒಳಗೆ ಸಾಲಾಗಿ ಚಪ್ಪಟೆ ಟ್ಯೂಬ್‌ಗಳಿರುತ್ತವೆ. ಪೈಲಟ್ ಸ್ವಿಚ್ ಹಾಕಿದಾಗ ಎಂಜಿನ್‌ನಿಂದ ಬಂದ ಗಾಳಿ ಆ ಟ್ಯೂಬ್‌ಗಳಿಗೆ ನುಗ್ಗುತ್ತದೆ. ಒತ್ತಡ ತುಂಬಾ ಏನಿಲ್ಲ, ಸಾಮಾನ್ಯವಾಗಿ 15ರಿಂದ 20 ಪಿಎಸ್‌ಐ. ಕಾರಿನ ಟೈರಿಗೆ ಬೇಕಾದ ಒತ್ತಡದ ಸುಮಾರು ಅರ್ಧದಷ್ಟು, ಅಷ್ಟೇ. ಕೆಲವೇ ಸೆಕೆಂಡು ರಬ್ಬರ್ ಉಬ್ಬುತ್ತದೆ. ಮೇಲಿನ ಐಸ್‌ಗೆ ಬಾಗುವ ಗುಣವಿಲ್ಲ, ಬಿರುಕು ಬಿಡುತ್ತದೆ. ಎದುರಿನಿಂದ ಬರುವ ಗಾಳಿ ಆ ಚೂರುಗಳನ್ನು ಕಿತ್ತು ಒಯ್ಯುತ್ತದೆ.

ಉಬ್ಬುವುದು ಎಲ್ಲರಿಗೂ ಅರ್ಥವಾಗುತ್ತದೆ. ಇಳಿಯುವುದನ್ನು ಮರೆಯುತ್ತೇವೆ. ರೆಕ್ಕೆಯ ಮೇಲ್ಭಾಗದಲ್ಲಿ ಗಾಳಿಯ ಒತ್ತಡ ಕಡಿಮೆ ಇರುತ್ತದೆ. ಸುಮ್ನೆ ಬಿಟ್ಟರೆ ಬೂಟ್ ತಾನಾಗೇ ಸ್ವಲ್ಪ ಮೇಲೆದ್ದು ನಿಲ್ಲುತ್ತದೆ. ಅದಕ್ಕೇ ಉಬ್ಬಿಸದ ಹೊತ್ತಿನಲ್ಲೆಲ್ಲ ಟ್ಯೂಬ್‌ಗಳ ಒಳಗಿನ ಗಾಳಿಯನ್ನು ಹೀರಿ ರಬ್ಬರನ್ನು ರೆಕ್ಕೆಗೆ ಅವಚಿ ಹಿಡಿದಿರುತ್ತಾರೆ. ಈ ಹೀರುವ ಬಲವನ್ನು ನೆನಪಿಟ್ಟುಕೊಳ್ಳಿ, ಸಣ್ಣ ತೂತು ಯಾಕೆ ದೊಡ್ಡ ತಲೆನೋವು ಅನ್ನುವುದು ಇದರಿಂದಲೇ ತಿಳಿಯುತ್ತದೆ.

ಹಾಗಾದರೆ ದೊಡ್ಡ ಜೆಟ್ ವಿಮಾನಗಳಿಗೆ ಈ ಕಪ್ಪು ಪಟ್ಟಿ ಯಾಕಿಲ್ಲ? ಜೆಟ್ ಎಂಜಿನ್‌ನಲ್ಲಿ ಬಿಸಿ ಗಾಳಿ ಧಾರಾಳ. ಅದನ್ನೇ ರೆಕ್ಕೆಯ ಅಂಚಿನ ಒಳಗೆ ಹಾಯಿಸಿ ಲೋಹವನ್ನು ಕಾಯಿಸುತ್ತಾರೆ. ಎಂಬ್ರೇಯರ್ 175 ಜೆಟ್ ನೋಡಿದವರಿಗೆ ಅದರ ಅಂಚು ಬೆಳ್ಳಿಯ ಹಾಗೆ ಹೊಳೆಯುವುದು ಕಂಡಿರಬಹುದು. ಪ್ರೊಪೆಲ್ಲರ್ ವಿಮಾನದ ಎಂಜಿನ್‌ಗೆ ಅಷ್ಟು ಬಿಸಿ ಗಾಳಿ ದಾನ ಮಾಡುವ ಶಕ್ತಿಯಿಲ್ಲ. ಸ್ವಲ್ಪ ಗಾಳಿಯಲ್ಲಿ ಕೆಲಸ ಮುಗಿಸುವ ಬೂಟ್ ಅದಕ್ಕೆ ಸರಿ. ಎಟಿಆರ್‌ನಲ್ಲಿ ಎಂಜಿನ್ ಗಾಳಿ ಎಳೆಯುವ ಬಾಯಿಗೂ ಬೂಟ್ ಇದೆ. ಪ್ರೊಪೆಲ್ಲರ್ ಅಲಗು, ಪೈಲಟ್ ಮುಂದಿನ ಗಾಜು, ಇವುಗಳನ್ನು ಮಾತ್ರ ಕರೆಂಟಿನಿಂದ ಕಾಯಿಸುತ್ತಾರೆ.

ಬೂಟ್‌ಗೂ ಮಿತಿಯಿದೆ. 1994ರ ಅಕ್ಟೋಬರ್ 31ರಂದು ಅಮೆರಿಕದ ಇಂಡಿಯಾನಾ ರಾಜ್ಯದ ರೋಸ್‌ಲಾನ್ ಬಳಿ ಎಟಿಆರ್ 72 ಬಿದ್ದು 68 ಜನ ಸತ್ತರು. ದೊಡ್ಡ ಗಾತ್ರದ ತಣ್ಣನೆಯ ಹನಿಗಳು ಬೂಟ್ ದಾಟಿ ಹಿಂದಕ್ಕೆ ಹರಿದು, ರಬ್ಬರ್ ಇಲ್ಲದ ಜಾಗದಲ್ಲಿ ದಿಬ್ಬದ ಹಾಗೆ ಹೆಪ್ಪುಗಟ್ಟಿದ್ದವು. ಅದಾದ ಮೇಲೆ ಎಟಿಆರ್ ರೆಕ್ಕೆಯ ಹೊರಭಾಗದ ಬೂಟ್‌ಗಳನ್ನು ಹಿಂದಕ್ಕೆ ಅಗಲ ಮಾಡಿದರು. ಅಂಥ ಮೋಡದಿಂದ ಆದಷ್ಟು ಬೇಗ ಹೊರಗೆ ಬರಬೇಕು ಅನ್ನುವ ನಿಯಮ ಬಿಗಿಯಾಯಿತು. ಬೂಟ್ ಎಷ್ಟೇ ಚೆನ್ನಾಗಿ ತೊಳೆದಿಟ್ಟಿದ್ದರೂ ಅದು ತಲುಪದ ಜಾಗದ ಐಸ್‌ಗೆ ಅದು ಏನೂ ಮಾಡಲಾರದು.

ರಬ್ಬರಿಗೆ ಯಾವ ಕಾಯಿಲೆ?

ಹೊಸನಗರ, ಸಾಗರದ ಕಡೆ ತೋಟಗಳಲ್ಲಿ ಹಾಲು ತೆಗೆಯುವ ಮರದ ರಬ್ಬರ್ ಬೇರೆ, ಬೂಟ್‌ನ ರಬ್ಬರ್ ಬೇರೆ. ಹೆಚ್ಚಿನ ಬೂಟ್‌ಗಳ ಹೊರಮೈ ನಿಯೋಪ್ರೀನ್. 1930ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಲ್ಯಾಬಿನಲ್ಲಿ ಹುಟ್ಟಿದ ಕೃತಕ ರಬ್ಬರ್ ಇದು. ಮರದ ರಬ್ಬರಿಗಿಂತ ಎಣ್ಣೆಯನ್ನೂ ಬಿಸಿಲನ್ನೂ ಚೆನ್ನಾಗಿ ತಾಳಿಕೊಳ್ಳುತ್ತದೆ. ಕೆಲವು ಬೂಟ್‌ಗಳ ಹೊರಮೈ ಪಾಲಿಯುರೆಥೇನ್. ಎರಡಕ್ಕೂ ಹಚ್ಚುವ ದ್ರವ, ಅಂಟು, ತೇಪೆ ಎಲ್ಲ ಬೇರೆ ಬೇರೆ. ಆದ್ದರಿಂದ ಬೂಟ್ ಯಾವುದರದ್ದು ಅಂತ ಖಚಿತ ಮಾಡಿಕೊಳ್ಳದೆ ಯಾವ ಡಬ್ಬಿಯ ಮುಚ್ಚಳವನ್ನೂ ತೆಗೆಯಬಾರದು.

ರಬ್ಬರಿನ ದೊಡ್ಡ ಶತ್ರು ಓಜೋನ್. ಗಾಳಿಯಲ್ಲಿ ಅದು ಅತ್ಯಲ್ಪವೇ ಇರುವುದು. ಆದರೂ ರಬ್ಬರಿನ ಉದ್ದುದ್ದ ಅಣುಸರಪಳಿಯ ಕೊಂಡಿಗಳನ್ನು ಅದು ಕತ್ತರಿಸುತ್ತದೆ. ಎಳೆದು ಹಿಡಿದ ರಬ್ಬರ್ ಇನ್ನೂ ಬೇಗ ಬಿರಿಯುತ್ತದೆ. ಬೂಟ್ ದುಂಡನೆಯ ಅಂಚಿನ ಮೇಲೆ ಎಳೆತದಲ್ಲೇ ಕೂತಿರುತ್ತದೆ, ಜೊತೆಗೆ ಆಗಾಗ ಉಬ್ಬುತ್ತದೆ. ಇದರ ಮೇಲೆ ಬಿಸಿಲಿನ ನೇರಳಾತೀತ ಕಿರಣ ಬೇರೆ. ಮೊದಲು ಬಣ್ಣ ಮಾಸಿ ಬೂದಿಯಾಗುತ್ತದೆ. ಆಮೇಲೆ ಕೂದಲೆಳೆಯಂಥ ಬಿರುಕುಗಳು. ಬರೀ ಕಣ್ಣಿಗೆ ಇವು ಕಾಣುವುದೇ ಇಲ್ಲ. ಎರಡು ಹೆಬ್ಬೆರಳನ್ನು ರಬ್ಬರ್ ಮೇಲೆ ಪಕ್ಕಪಕ್ಕ ಒತ್ತಿ ಮೆಲ್ಲಗೆ ಅಗಲಿಸಿದರೆ ಬಿರುಕಿನ ಬಾಯಿ ತೆರೆದುಕೊಳ್ಳುತ್ತದೆ. ಒಳಗಿನ ಬಟ್ಟೆಯ ನೇಯ್ಗೆ ಕಂಡರೆ ಮಾತು ಪಾಲಿಶ್ ದಾಟಿ ಹೋಗಿದೆ ಅಂತ ಅರ್ಥ.

ಇನ್ನು ಮಳೆ. ಎಟಿಆರ್ ಗಂಟೆಗೆ ಸುಮಾರು 500 ಕಿಲೋಮೀಟರ್ ವೇಗದಲ್ಲಿ ಹಾರುತ್ತದೆ. ಆ ವೇಗದಲ್ಲಿ ಎದುರು ಸಿಗುವ ಮಳೆಹನಿ ರಬ್ಬರಿನ ಮೇಲ್ಪದರವನ್ನು ಕೊರೆಯುತ್ತಾ ಹೋಗುತ್ತದೆ. ಆಲಿಕಲ್ಲು ಬಿದ್ದರಂತೂ ಕೇಳುವುದೇ ಬೇಡ. ಎಣ್ಣೆ, ಗ್ರೀಸ್, ಇಂಧನ ಬಿದ್ದ ಜಾಗ ಉಬ್ಬಿ ಮೆತ್ತಗಾಗುತ್ತದೆ. ಸಂಜೆ ಇಳಿಯುವ ವಿಮಾನಕ್ಕೆ ಬಡಿದ ಹುಳುಗಳು ಒಣಗಿ ಗಟ್ಟಿಯಾಗಿ ಕೂರುತ್ತವೆ, ಮುಂದೆ ಐಸ್ ಹಿಡಿದುಕೊಳ್ಳಲು ಅವೇ ಹಿಡಿಕೆ. ಏಣಿ ಒರಗಿಸುವುದು, ಇಂಧನದ ಪೈಪನ್ನು ಬೂಟ್ ಮೇಲೆ ಎಳೆದಾಡುವುದು, ಇವೆಲ್ಲ ಮನುಷ್ಯರೇ ಮಾಡುವ ಗಾಯ. ನಿಜ ಹೇಳಬೇಕೆಂದರೆ ಇವನ್ನು ತಪ್ಪಿಸುವುದೇ ಎಲ್ಲಕ್ಕಿಂತ ಅಗ್ಗದ ಆರೈಕೆ.

ಯಾರೂ ಊಹಿಸದ ಇನ್ನೊಂದು ಶತ್ರು ಸ್ಥಿರ ವಿದ್ಯುತ್. ಮೋಡದೊಳಗೆ ಹಾರುವಾಗ ಹನಿ, ಕಣಗಳು ಉಜ್ಜಿ ಬೂಟ್ ಮೇಲೆ ವಿದ್ಯುತ್ ಕೂಡಿಕೊಳ್ಳುತ್ತದೆ. ಮಾಮೂಲಿ ರಬ್ಬರ್ ಅದನ್ನು ಹರಿಯಲು ಬಿಡುವುದಿಲ್ಲ. ಕೊನೆಗೆ ಅದು ರಬ್ಬರನ್ನೇ ಸುಟ್ಟು, ಸೂಜಿಮೊನೆಯಷ್ಟು ತೂತು ಮಾಡಿ ಕೆಳಗಿನ ಲೋಹಕ್ಕೆ ಹಾರುತ್ತದೆ. ಇದನ್ನು ತಪ್ಪಿಸಲೆಂದೇ ಬೂಟ್‌ನ ಹೊರಪದರವನ್ನು ವಿದ್ಯುತ್ ಹರಿಯುವ ಹಾಗೆ ಮಾಡಿರುತ್ತಾರೆ. ಆ ಪದರ ಸವೆದರೆ ತೂತುಗಳು ಶುರು.

ಸೂಜಿಮೊನೆಯಷ್ಟು ತೂತಿನಿಂದ ಏನಾದೀತು? ಸ್ವಲ್ಪ ಗಾಳಿ ಸೋರಬಹುದು, ಅಷ್ಟೇ ತಾನೇ? ಅಷ್ಟೇ ಅಲ್ಲ. ಹಾರಾಟದ ಹೆಚ್ಚಿನ ಹೊತ್ತು ಬೂಟ್‌ನೊಳಗೆ ಹೀರುವ ಬಲ ಇರುತ್ತದೆ ಅಂತ ಮೇಲೆ ಹೇಳಿದೆ. ಮಳೆಯಲ್ಲಿ ಹಾರುವಾಗ ಆ ತೂತು ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ನೀರು ಟ್ಯೂಬಿನಲ್ಲಿ, ಗಾಳಿಯ ಪೈಪಿನಲ್ಲಿ, ವಾಲ್ವಿನಲ್ಲಿ ನಿಲ್ಲುತ್ತದೆ. ವಿಮಾನ ಶೂನ್ಯ ಡಿಗ್ರಿಯ ಎತ್ತರಕ್ಕೆ ಏರಿದಾಗ ಅಲ್ಲೇ ಗಡ್ಡೆ ಕಟ್ಟುತ್ತದೆ. ಹೊರಗಿನ ಐಸ್ ಒಡೆಯಬೇಕಾದ ಬೂಟ್ ಒಳಗಿನ ಐಸ್‌ನಿಂದಲೇ ಉಬ್ಬದೆ ಹೋಗುತ್ತದೆ. ತಿಂಗಳುಗಟ್ಟಲೆ ಮಳೆಯಲ್ಲೇ ಓಡಾಡುವ ವಿಮಾನಕ್ಕೆ ಇದು ಸಣ್ಣ ವಿಷಯವಲ್ಲ.

ತೊಳೆಯುವುದು: ಸೋಪು, ನೀರು, ತಾಳ್ಮೆ

ಬೂಟ್ ತೊಳೆಯಲು ಬೇಕಾದದ್ದು ಸೌಮ್ಯ ಸೋಪು, ನೀರು, ಮೆತ್ತನೆಯ ಬಟ್ಟೆ ಅಥವಾ ಸ್ಪಂಜು. ನೀರು ಕೈಗೆ ಹಿತವಾಗುವಷ್ಟು ಬೆಚ್ಚಗಿದ್ದರೆ ಸಾಕು, ಕುದಿಯುವ ನೀರು ಬೇಡ. ಹೈ ಪ್ರೆಷರ್ ಪೈಪನ್ನು ಬೂಟ್‌ನ ಅಂಚಿಗೆ ಹಿಡಿಯಬಾರದು, ಅಂಟು ಬಿಟ್ಟು ನೀರು ಅಡಿಗೆ ನುಗ್ಗುತ್ತದೆ. ಕಾರು ತೊಳೆಯುವ ಜಾಗದಲ್ಲಿ ಸಿಗುವ ಟೈರ್ ಪಾಲಿಶ್ ಕೂಡ ಬೇಡ. ಅದು ಕಪ್ಪಾಗಿ ಮಿಂಚಿಸುತ್ತದೆ ನಿಜ, ಆದರೆ ಅದರ ಜಿಡ್ಡು ಉಳಿದರೆ ಮುಂದೆ ತೇಪೆ ಹಿಡಿಯುವುದಿಲ್ಲ.

ಹುಳುಗಳನ್ನು ಕೆರೆಯಬಾರದು. ಒದ್ದೆ ಬಟ್ಟೆಯನ್ನು ಅವುಗಳ ಮೇಲೆ ಸ್ವಲ್ಪ ಹೊತ್ತು ಹಾಸಿಟ್ಟರೆ ನೆನೆದು ತಾವೇ ಬಿಡುತ್ತವೆ.

ಸೋಪಿಗೆ ಬಗ್ಗದ ಗ್ರೀಸ್ ಕಲೆ ಇದ್ದರೆ ಆ ವಿಮಾನದ ಕೈಪಿಡಿ ಯಾವ ದ್ರಾವಕ ಹೇಳಿದೆಯೋ ಅದನ್ನೇ ಬಳಸಬೇಕು. ಇಲ್ಲಿ ಕ್ರಮ ಮುಖ್ಯ. ದ್ರಾವಕವನ್ನು ಬೂಟ್ ಮೇಲೆ ಸುರಿಯುವುದಿಲ್ಲ. ಬಟ್ಟೆಗೆ ಸ್ವಲ್ಪ ತಾಗಿಸಿ, ಹಗುರವಾಗಿ ಉಜ್ಜಿ, ರಬ್ಬರ್ ಹೀರಿಕೊಳ್ಳುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸಿಬಿಡಬೇಕು. ಎರಡು ಕೈಯಲ್ಲಿ ಎರಡು ಬಟ್ಟೆ: ಒಂದು ಒದ್ದೆ, ಒಂದು ಒಣ, ಒಂದರ ಹಿಂದೆ ಇನ್ನೊಂದು. ಆಮೇಲೆ ಮತ್ತೆ ಸೋಪು ನೀರು. ಪೆಟ್ರೋಲಿಯಂ ಮೂಲದ ಯಾವುದೇ ದ್ರವ ರಬ್ಬರಿಗೆ ಕೆಟ್ಟದ್ದೇ. ಕೈಪಿಡಿಯೇ ಅನುಮತಿ ಕೊಟ್ಟಿದ್ದರೂ ಕಡಿಮೆ ಬಳಸಿದಷ್ಟೂ ಒಳ್ಳೆಯದು.

ಮೂರು ಡಬ್ಬಿ, ಮೂರು ಕೆಲಸ

ತೊಳೆದಾದ ಮೇಲೆ ಹಚ್ಚುವ ದ್ರವಗಳ ವಿಷಯದಲ್ಲೇ ಗೊಂದಲ ಜಾಸ್ತಿ. ಎಲ್ಲವೂ ‘ಬೂಟ್‌ಗೆ ಹಚ್ಚುವ ಪಾಲಿಶ್’ ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಆದರೆ ಒಂದೊಂದರ ಕೆಲಸ ಒಂದೊಂದು. ಗುಡ್‌ರಿಚ್ ಹೆಸರಿನ ಮೂರು ಡಬ್ಬಿಗಳನ್ನೇ ನೋಡೋಣ.

ಏಜ್ ಮಾಸ್ಟರ್ ನಂಬರ್ 1 ರಬ್ಬರಿನ ಒಳಕ್ಕೆ ಇಳಿಯುವಂಥದ್ದು. ಓಜೋನ್ ಮತ್ತು ಬಿಸಿಲಿನ ಹೊಡೆತ ತಡೆಯುವುದು ಇದರ ಕೆಲಸ. ಹಚ್ಚಿದ ಮೇಲೆ ಹೊಳಪೇನೂ ಬರುವುದಿಲ್ಲ, ಕಂದು ಛಾಯೆ ಬರಬಹುದು. ಪೇಂಟಿಗೆ ತಾಗಿದರೆ ಕಲೆ ಹೋಗುವುದಿಲ್ಲ, ಹಾಗಾಗಿ ಬೂಟ್ ಸುತ್ತ ಮೊದಲೇ ಮಾಸ್ಕಿಂಗ್ ಟೇಪ್ ಅಂಟಿಸುತ್ತಾರೆ. ಚರ್ಮಕ್ಕೂ ಒಳ್ಳೆಯದಲ್ಲ. ಕೈಗವಸು ಹಾಕಿಕೊಂಡು, ಗಾಳಿಯಾಡುವ ಜಾಗದಲ್ಲೇ ಕೆಲಸ ಮಾಡಬೇಕು. ಒಂದು ಕೋಟ್ ಹಚ್ಚಿ, ಹೀರಿಕೊಂಡ ಮೇಲೆ ಇನ್ನೊಂದು. ಆಮೇಲೆ ಚೆನ್ನಾಗಿ ಒಣಗಲು ಬಿಡಬೇಕು.

ಐಸೆಕ್ಸ್ ಅನ್ನುವುದು ಸಿಲಿಕೋನ್ ಮೂಲದ ದ್ರವ. ಇದು ಐಸ್ ಕಟ್ಟುವುದನ್ನು ತಡೆಯುವುದಿಲ್ಲ, ಕಟ್ಟಿದ ಐಸ್ ರಬ್ಬರನ್ನು ಬಿಗಿಯಾಗಿ ಹಿಡಿದುಕೊಳ್ಳದ ಹಾಗೆ ಮಾಡುತ್ತದೆ. ಬೂಟ್ ಉಬ್ಬಿದಾಗ ಐಸ್ ಸಲೀಸಾಗಿ ಕಳಚುತ್ತದೆ. ಮಳೆ, ಗಾಳಿಗೆ ಇದು ಸವೆದು ಹೋಗುತ್ತದೆ. ಆದ್ದರಿಂದ ರೆಕ್ಕೆ ಮತ್ತು ಬಾಲದ ಬೂಟ್‌ಗಳಿಗೆ 50 ಗಂಟೆ ಹಾರಾಟಕ್ಕೊಮ್ಮೆ, ಪ್ರೊಪೆಲ್ಲರ್ ಅಲಗಿನ ಬುಡದಲ್ಲಿರುವ, ಕರೆಂಟಿನಿಂದ ಕಾಯುವ ರಬ್ಬರ್ ಬೂಟ್‌ಗಳಿಗೆ 15 ಗಂಟೆಗೊಮ್ಮೆ ಹಚ್ಚುವುದು ವಾಡಿಕೆ.

ಶೈನ್ ಮಾಸ್ಟರ್ ಹೊಳಪಿಗೆ. ಹಳೆಯ ಪದರಗಳನ್ನು ಕರಗಿಸಿ ತೆಗೆಯುವ ‘ಪ್ರೆಪ್’ ದ್ರವ ಹಚ್ಚಿ ಒರೆಸಿದ ಮೇಲೆ ಇದನ್ನು ಹಚ್ಚುತ್ತಾರೆ. ಹೊಸ ಬೂಟ್ ಹಾಗೆ ಮಿಂಚುತ್ತದೆ. ವಿಮಾನ ಮಾರುವವರಿಗೆ ಇದರ ಮೇಲೆ ಪ್ರೀತಿ ಜಾಸ್ತಿ, ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ಹಚ್ಚುವ ಕ್ರಮ ತಪ್ಪಿದರೆ ಹಣವೂ ಹೋಯಿತು, ಶ್ರಮವೂ ಹೋಯಿತು. ಒಳಗೆ ಇಳಿಯಬೇಕಾದ್ದನ್ನು ಬರೀ ರಬ್ಬರಿಗೆ ಮೊದಲು ಹಚ್ಚಬೇಕು. ಹೊಳಪಿನ ಪದರದ ಮೇಲೆ ಏಜ್ ಮಾಸ್ಟರ್ ಸುರಿದರೆ ಅದು ರಬ್ಬರನ್ನು ಮುಟ್ಟುವುದೇ ಇಲ್ಲ. ಐಸೆಕ್ಸ್ ಯಾವತ್ತೂ ಎಲ್ಲಕ್ಕಿಂತ ಮೇಲೆ, ಯಾಕೆಂದರೆ ಐಸ್ ಜೊತೆ ಮುಖಾಮುಖಿ ಆಗಬೇಕಾದದ್ದು ಅದು. ಹಣ ಎಣಿಸಿ ಖರ್ಚು ಮಾಡುವವರು ಮೊದಲೆರಡಕ್ಕೆ ಹಾಕುವುದು ಲೇಸು. ಹೊಳಪಿನ ಡಬ್ಬಿ ಇಲ್ಲದಿದ್ದರೆ ಬೂಟ್‌ನ ಕೆಲಸಕ್ಕೇನೂ ಕುಂದಿಲ್ಲ. ಈಗಾಗಲೇ ಬಿರಿದ ರಬ್ಬರನ್ನು ಈ ಮೂರರಲ್ಲಿ ಯಾವುದೂ ಕೂಡಿಸುವುದಿಲ್ಲ ಅನ್ನುವುದೂ ನೆನಪಿರಲಿ.

ತೇಪೆ ಹಾಕುವುದು

ತೂತು ಎಲ್ಲಿದೆ ಅಂತ ಹುಡುಕುವುದು ಮೊದಲು. ಹೊರಗಿನ ಯಂತ್ರದಿಂದ ಅಳೆದ ಒತ್ತಡದಲ್ಲಿ ಬೂಟ್‌ಗೆ ಗಾಳಿ ತುಂಬುತ್ತಾರೆ, ಮೇಲೆ ಸೋಪಿನ ನೀರು ಹಚ್ಚುತ್ತಾರೆ. ಗುಳ್ಳೆ ಬಂದ ಜಾಗಕ್ಕೆ ಗುರುತು. ಒಂದು ಬೂಟ್‌ನಲ್ಲಿ ಒಂದು ಕಡೆ ದೊಡ್ಡ ಗುಳ್ಳೆ, ಇನ್ನೊಂದು ಕಡೆ ನೊರೆಯ ಹಾಗೆ ನೂರಾರು ಚುಕ್ಕಿ ಗುಳ್ಳೆ ಬರಬಹುದು. ಮೊದಲನೆಯದಕ್ಕೆ ತೇಪೆ. ಎರಡನೆಯದಕ್ಕೆ ತೇಪೆ ಹಾಕುತ್ತಾ ಕೂತರೆ ಮುಗಿಯುವುದಿಲ್ಲ.

ಮುಂದಿನದು ಊರಿನ ಪಂಕ್ಚರ್ ಅಂಗಡಿಯಲ್ಲಿ ಸೈಕಲ್ ಟ್ಯೂಬಿಗೆ ಮಾಡುವ ಕೆಲಸವೇ. ತಿಕ್ಕಿ ಒರಟು ಮಾಡು, ಸೊಲ್ಯೂಷನ್ ಹಚ್ಚು, ಸ್ವಲ್ಪ ಆರಲು ಬಿಡು, ತೇಪೆ ಇಟ್ಟು ಒತ್ತು. ಸೈಕಲ್ ಅಂಗಡಿಯವರಿಗೆ ಗೊತ್ತಿರುವ ಗುಟ್ಟು ಇಲ್ಲೂ ಅದೇ: ಸೊಲ್ಯೂಷನ್ ಹಸಿ ಇರುವಾಗ ತೇಪೆ ಇಟ್ಟರೆ ಹಿಡಿಯುವುದಿಲ್ಲ. ಬೆರಳು ತಾಗಿಸಿದರೆ ಅಂಟಬೇಕು, ಆದರೆ ಬೆರಳಿಗೆ ಬರಬಾರದು.

ವ್ಯತ್ಯಾಸ ಇರುವುದು ಮೂರು ಕಡೆ. ಒಂದು, ಬೂಟ್‌ನ ತೇಪೆ ಒಂದು ದಿಕ್ಕಿನಲ್ಲಿ ಮಾತ್ರ ಚೆನ್ನಾಗಿ ಹಿಗ್ಗುತ್ತದೆ. ಟ್ಯೂಬ್ ಅಡ್ಡಕ್ಕೆ ಉಬ್ಬುವ ದಿಕ್ಕಿಗೇ ಆ ಹಿಗ್ಗು ಹೊಂದಬೇಕು. ತಿರುಗಿಸಿ ಹಾಕಿದರೆ ಬೂಟ್ ಉಬ್ಬಿದಾಗಲೆಲ್ಲ ತೇಪೆ ಅಂಚಿನಿಂದ ಏಳಲು ನೋಡುತ್ತದೆ. ಎರಡು, ತೇಪೆ ಗಾಯದ ಸುತ್ತ ಒಂದೂವರೆ ಸೆಂಟಿಮೀಟರ್‌ನಷ್ಟಾದರೂ ಆಚೆ ಚಾಚಿರಬೇಕು. ಅಡಿಯಲ್ಲಿ ಗಾಳಿ ಸಿಕ್ಕಿಕೊಳ್ಳಬಾರದು. ಅದಕ್ಕೇ ಒಂದು ಕಡೆಯಿಂದ ಕೂರಿಸುತ್ತಾ ಬಂದು, ಪುಟ್ಟ ರೋಲರ್‌ನಿಂದ ಮಧ್ಯದಿಂದ ಹೊರಕ್ಕೆ ಉರುಳಿಸಿ ಒತ್ತುತ್ತಾರೆ. ಮೂರು, ಕೊನೆಗೆ ತೇಪೆಯ ಮೇಲೂ ವಿದ್ಯುತ್ ಹರಿಯುವ ಲೇಪ ಹಚ್ಚಬೇಕು. ಇಲ್ಲದಿದ್ದರೆ ಸ್ಥಿರ ವಿದ್ಯುತ್ ಅಲ್ಲೇ ಹೊಸ ತೂತು ಮಾಡುತ್ತದೆ.

ಇಂತಿಷ್ಟು ಜಾಗದಲ್ಲಿ ಇಂತಿಷ್ಟೇ ತೇಪೆ, ಇಂತಿಷ್ಟೇ ಗಾತ್ರ ಅಂತ ತಯಾರಕರ ಕೈಪಿಡಿಯಲ್ಲಿ ಮಿತಿ ಇರುತ್ತದೆ. ಮಿತಿಯೊಳಗಿನ, ಸರಿಯಾಗಿ ಕೂತ ತೇಪೆ ಕಂಡರೆ ಪ್ರಯಾಣಿಕರು ಗಾಬರಿ ಬೀಳಬೇಕಿಲ್ಲ. ಯಾರೋ ತೂತನ್ನು ಹುಡುಕಿದ್ದಾರೆ, ಮುಚ್ಚಿದ್ದಾರೆ ಅಂತಲೇ ಅದರ ಅರ್ಥ.

ಮೇಲ್ಪದರ ಹೊಸತು ಮಾಡುವುದು, ಮತ್ತು ಮಲೆನಾಡಿನ ಮಳೆಗಾಲ

ಟ್ಯೂಬ್‌ಗಳು ಗಟ್ಟಿ ಇದ್ದು, ಹೊರಪದರ ಮಾತ್ರ ಸವೆದು ಚುಕ್ಕಿ ತೂತು ಶುರುವಾಗಿದ್ದರೆ ಇಡೀ ಬೂಟ್ ಬದಲಿಸಬೇಕಿಲ್ಲ. ಮೇಲ್ಪದರ ಹೊಸತು ಮಾಡಬಹುದು. ಚೆನ್ನಾಗಿ ತೊಳೆದು, ಹಳೆಯ ಸಿಲಿಕೋನ್, ಪಾಲಿಶ್ ಎಲ್ಲ ತೆಗೆದು, ನಯವಾದ ಉಪ್ಪುಕಾಗದದಿಂದ ಮೈಯನ್ನೆಲ್ಲ ಹಗುರವಾಗಿ ಒರಟು ಮಾಡುತ್ತಾರೆ. ನೂಲೆಳೆ ಬಿಡದ ಬಟ್ಟೆಯಲ್ಲಿ ಪುಡಿ ಒರೆಸುತ್ತಾರೆ. ಸುತ್ತ ಟೇಪ್ ಅಂಟಿಸಿ, ವಿದ್ಯುತ್ ಹರಿಯುವ ನಿಯೋಪ್ರೀನ್ ಲೇಪವನ್ನು ಬ್ರಷ್‌ನಲ್ಲಿ ತೆಳ್ಳಗೆ ಹಚ್ಚುತ್ತಾರೆ. ಒಣಗಿದ ಮೇಲೆ ಎರಡನೆಯ ಕೋಟ್. ಪೂರ್ತಿ ಗಟ್ಟಿಯಾಗುವ ತನಕ ಬೂಟ್ ಉಬ್ಬಿಸುವಂತಿಲ್ಲ, ವಿಮಾನ ಹಾರಿಸುವಂತಿಲ್ಲ. ಹಳೆಯ ಸಿಲಿಕೋನ್ ಒಂದು ಚೂರು ಉಳಿದರೂ ಆ ಜಾಗದಲ್ಲಿ ಲೇಪ ಹಪ್ಪಳದ ಹಾಗೆ ಏಳುತ್ತದೆ. ಆದ್ದರಿಂದ ಈ ಕೆಲಸದಲ್ಲಿ ಮುಕ್ಕಾಲು ಪಾಲು ಹೊತ್ತು ಹಚ್ಚುವುದಕ್ಕಲ್ಲ, ಕೊಳೆ ತೆಗೆಯುವುದಕ್ಕೆ.

ಜುಲೈ ತಿಂಗಳ ಮಲೆನಾಡಿನಲ್ಲಿ ಇದನ್ನೇ ಬಯಲಲ್ಲಿ ಮಾಡಲು ಹೋದರೆ ಕೆಡುತ್ತದೆ. ಅಂಟಿನಲ್ಲಿರುವ ದ್ರಾವಕ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅದರ ಮೇಲೆ ಕಣ್ಣಿಗೆ ಕಾಣದ ನೀರಿನ ಪದರ ಕೂರುತ್ತದೆ, ಅಂಟು ಬೆಳ್ಳಗೆ ಮಬ್ಬಾಗುತ್ತದೆ. ಮೇಲಿಂದ ಒಣಗಿದ ಹಾಗೆ ಕಂಡರೂ ಹಿಡಿತ ಇರುವುದಿಲ್ಲ. ಹೊಸ್ತಿಲ ಮರವೂ ಊದಿಕೊಂಡು ಬಾಗಿಲು ಹಾಕಲಾಗದ ಕಾಲವದು. ಮುಚ್ಚಿದ, ಒಣ ಗಾಳಿಯ ಹ್ಯಾಂಗರ್ (ವಿಮಾನ ನಿಲ್ಲಿಸುವ ದೊಡ್ಡ ಶೆಡ್) ಇಲ್ಲದೆ ಅಂಟಿನ ಕೆಲಸಕ್ಕೆ ಕೈ ಹಾಕಬಾರದು. ತೊಳೆಯುವುದು, ಪರೀಕ್ಷಿಸುವುದು ಮಳೆಗಾಲದಲ್ಲೂ ನಡೆಯಬೇಕು, ಆಗಲೇ ಜಾಸ್ತಿ ನಡೆಯಬೇಕು. ನೀರು ಒಳಗೆ ಹೋಗಿದೆಯೇ ಅಂತ ಪೈಪುಗಳನ್ನು ನೋಡಿ ಬಸಿಯುವುದೂ ಅದರಲ್ಲಿ ಸೇರಿದೆ.

ಪೈಲಟ್ ಏನು ನೋಡುತ್ತಾರೆ?

ಹಾರುವ ಮೊದಲು ಬೂಟ್‌ಗಳನ್ನು ಕಣ್ಣಿಂದ ನೋಡುವುದು, ಉಬ್ಬಿಸಿ ಇಳಿಸಿ ಪರೀಕ್ಷಿಸುವುದು ದಿನಚರಿಯ ಭಾಗ. ಎಟಿಆರ್‌ನಲ್ಲಿ ಪೈಲಟ್ ಕಿಟಕಿಯ ಪಕ್ಕ ಒಂದು ಸಣ್ಣ ಕಡ್ಡಿಯಂಥ ಸಾಧನ ಹೊರಗೆ ಚಾಚಿಕೊಂಡಿರುತ್ತದೆ. ಐಸ್ ಕಟ್ಟಿದ್ದು, ಕರಗಿದ್ದು ಅದರ ಮೇಲೆ ನೇರವಾಗಿ ಕಾಣುತ್ತದೆ. ರಾತ್ರಿಗೆ ಅದಕ್ಕೆ ಲೈಟು ಕೂಡ ಇದೆ.

ಹಿಂದೆ ಪೈಲಟ್‌ಗಳಿಗೆ ಬೇರೆಯದೇ ಪಾಠ ಇತ್ತು. ಐಸ್ ಸ್ವಲ್ಪ ದಪ್ಪಗೆ ಕಟ್ಟುವ ತನಕ ಕಾಯಬೇಕು, ಅವಸರ ಮಾಡಿ ಬೂಟ್ ಉಬ್ಬಿಸಿದರೆ ತೆಳು ಐಸ್ ಒಡೆಯದೆ ಬಾಗಿ ಕಮಾನಿನ ಹಾಗೆ ನಿಂತುಬಿಡುತ್ತದೆ, ಆಮೇಲೆ ಬೂಟ್ ಅದರಡಿ ಸುಮ್ನೆ ಉಬ್ಬಿ ಇಳಿಯುತ್ತಿರುತ್ತದೆ ಅಂತ. ಬೇಗ ಉಬ್ಬಿ ಬೇಗ ಇಳಿಯುವ ಇವತ್ತಿನ ಬೂಟ್‌ಗಳಲ್ಲಿ ಹಾಗಾಗುವುದಕ್ಕೆ ಪುರಾವೆ ಸಿಗಲಿಲ್ಲ. ಈಗ ಐಸ್ ಕಂಡ ತಕ್ಷಣ ಶುರು ಮಾಡಿ ಅನ್ನುವುದೇ ಸಾಮಾನ್ಯ ಸಲಹೆ. ಕೊನೆಯ ಮಾತು ಆಯಾ ವಿಮಾನದ ಕೈಪಿಡಿಯದ್ದು. ಬಹಳ ಚಳಿಯಲ್ಲಿ ಉಬ್ಬಿಸಬಾರದು ಅನ್ನುವ ಮಿತಿಯೂ ಅದರಲ್ಲೇ ಇರುತ್ತದೆ. ಕಿಂಗ್ ಏರ್‌ಗೆ ಅದು ಮೈನಸ್ 40 ಡಿಗ್ರಿ, ಅದಕ್ಕಿಂತ ಕೆಳಗೆ ರಬ್ಬರ್ ಗಡುಸಾಗಿ, ಉಬ್ಬಿಸಿದರೆ ಹಾನಿಯಾಗಬಹುದು.

ಯಾವಾಗ ಬಿಟ್ಟುಬಿಡಬೇಕು?

ಒಳಗಿನ ನೇಯ್ಗೆ ಕಂಡರೆ, ಟ್ಯೂಬ್‌ಗಳ ನಡುವಿನ ಹೊಲಿಗೆ ಬಿಟ್ಟು ಒಂದೇ ಕಡೆ ಬುರುಡೆಯ ಹಾಗೆ ಉಬ್ಬಿದರೆ, ತೇಪೆಯ ಮಿತಿ ಮೀರಿದರೆ ಬೂಟ್ ಬದಲಿಸಲೇಬೇಕು. ಹಳೆಯದನ್ನು ದ್ರಾವಕ ಬಿಡುತ್ತಾ ಇಂಚಿಂಚಾಗಿ ಕೀಳಬೇಕು, ಲೋಹಕ್ಕೆ ಗೀರು ಬೀಳಬಾರದು. ಆಮೇಲೆ ಹಳೆಯ ಅಂಟನ್ನೆಲ್ಲ ತೆಗೆದು, ರೆಕ್ಕೆಗೂ ಬೂಟ್‌ಗೂ ಹೊಸ ಅಂಟು ಹಚ್ಚಿ ಆರಲು ಬಿಡಬೇಕು. ರೆಕ್ಕೆಯ ನಡುಗೆರೆಗೆ ಬೂಟ್‌ನ ನಡುಗೆರೆ ಕೂಡಿಸಿ, ಅಲ್ಲಿಂದ ಮೇಲಕ್ಕೂ ಕೆಳಕ್ಕೂ ರೋಲರ್ ಹೊಡೆಯುತ್ತಾ ಹೋಗಬೇಕು. ಗೆರೆ ತಪ್ಪಿ ಒಮ್ಮೆ ಅಂಟಿತೆಂದರೆ ಬಿಡಿಸಿ ಮತ್ತೆ ಶುರು. ಕೆಲಸಕ್ಕೆ ದಿನಗಳು ಬೇಕು, ಖರ್ಚು ಲಕ್ಷಗಳ ಲೆಕ್ಕ. ಏಣಿ ಒರಗಿಸಬೇಡಿ, ಪೈಪ್ ಎಳೆಯಬೇಡಿ ಅಂತ ಹ್ಯಾಂಗರ್‌ಗಳಲ್ಲಿ ಗದರುವುದು ಇದಕ್ಕೇ.

ಭಾರತದಲ್ಲಿ ನಾಗರಿಕ ವಿಮಾನಗಳ ಇಂಥ ರಿಪೇರಿಯನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ, ಲೈಸೆನ್ಸ್ ಇರುವ ವಿಮಾನ ನಿರ್ವಹಣಾ ಎಂಜಿನಿಯರ್ ಪರಿಶೀಲಿಸಿ ಸಹಿ ಹಾಕಬೇಕು. ತೇಪೆ ಚಿಕ್ಕದಿರಲಿ, ಬೂಟ್ ಹೊಸದಿರಲಿ, ಕೊನೆಯ ಪರೀಕ್ಷೆ ಒಂದೇ ರೀತಿ: ಗಾಳಿ ತುಂಬಿ ಎಲ್ಲ ಟ್ಯೂಬ್ ಸರಿಯಾಗಿ ಉಬ್ಬಿತೇ, ಸೋರಿತೇ, ಹೀರಿದಾಗ ಸುಕ್ಕಿಲ್ಲದೆ ರೆಕ್ಕೆಗೆ ಕೂತಿತೇ ಅಂತ ನೋಡುವುದು. ಆ ಫಲಿತಾಂಶ, ಬಳಸಿದ ಸಾಮಗ್ರಿ, ದಿನಾಂಕ ಎಲ್ಲ ವಿಮಾನದ ದಾಖಲೆ ಪುಸ್ತಕಕ್ಕೆ ಹೋಗುತ್ತವೆ. ಮುಂದಿನ ಸಲ ಅದೇ ಜಾಗದಲ್ಲಿ ಗುಳ್ಳೆ ಬಂದರೆ ಮೊದಲು ತೆರೆಯುವುದೂ ಅದನ್ನೇ.